ವಿಟ್ಟನ ವಲಯ ಮತ್ತು ಸಮಾನತೆಯ ಪ್ರಶ್ನೆ

ವರ್ಗರೂಪಗಳನ್ನು ಬೋಧಿಸುವಾಗ ‘ಸಮಾನ’ವೆಂಬ ಶಬ್ದವನ್ನು ನಾವು ತೀರ ಸಡಿಲವಾಗಿ ಬಳಸುತ್ತೇವೆ. ಚರಗಳ ಏಕಘಾತ ಪರಿವರ್ತನೆಯಿಂದ ಒಂದು ರೂಪವು ಇನ್ನೊಂದಾಗುವುದು ಒಂದು ಬಗೆಯ ಸಮಾನತೆ. ಎರ್ನ್‌ಸ್ಟ್ ವಿಟ್ ೧೯೩೭ರಲ್ಲಿ ತೋರಿದುದು ಇದಕ್ಕಿಂತ ಉದಾರವಾದುದು: ಎರಡು ಚರಗಳ ವರ್ಗಗಳ ವ್ಯತ್ಯಾಸವಾದ ರೂಪವನ್ನು ಎಷ್ಟು ಸಲ ಕೂಡಿಸಿದರೂ ಭೇದವೆಣಿಸಬೇಕಿಲ್ಲ. ೨ರಿಂದ ಭಾಗಿಸಬಹುದಾದ ಕ್ಷೇತ್ರಗಳಲ್ಲಿ ಹೀಗೆ ದೊರೆವ ಪಂಗಡಗಳೇ ವಿಟ್ಟನ ವಲಯ.

ವಲಯಗಳು ಒಂದೇ ಆದರೆ ಕ್ಷೇತ್ರಗಳೂ ಒಂದೇ ಎಂದು ವಿದ್ಯಾರ್ಥಿಯು ಊಹಿಸುವುದು ಸಹಜ. ಆದರೆ ಅದು ತಪ್ಪು. ೫ ಅಂಶಗಳ ಕ್ಷೇತ್ರಕ್ಕೂ ೧೩ ಅಂಶಗಳ ಕ್ಷೇತ್ರಕ್ಕೂ ನಾಲ್ಕು ಅಂಶಗಳ ಒಂದೇ ಬಗೆಯ ವಲಯ. ಮೊದಲನೆಯದರಲ್ಲಿ −೧ ಎಂಬುದು ೨ರ ವರ್ಗ, ಎರಡನೆಯದರಲ್ಲಿ ೫ರ ವರ್ಗ. ಆದಕಾರಣ ಯಾವ ರೂಪವನ್ನು ಅದಕ್ಕೇ ಕೂಡಿಸಿದರೂ ಶೂನ್ಯ. ೩ ಅಂಶಗಳ ಕ್ಷೇತ್ರದ ವಲಯದಲ್ಲಿಯೂ ನಾಲ್ಕೇ ಅಂಶಗಳು, ಆದರೆ ಅಲ್ಲಿ ಒಂದು ಚರದ ವರ್ಗವನ್ನು ನಾಲ್ಕು ಸಲ ಕೂಡಿಸಿದಲ್ಲದೆ ಶೂನ್ಯ ಬಾರದು. ವಲಯವು ಉಳಿಸಿಕೊಳ್ಳುವುದೇನೆಂಬುದನ್ನು ಹ್ಯಾರಿಸನ್ ೧೯೭೦ರಲ್ಲಿ ನಿಷ್ಕರ್ಷಿಸಿದರು: ವರ್ಗಗುಣಕಗಳನ್ನು ಕಡೆಗಣಿಸಿದ ಅಂಶಗಳ ಗುಣಾಕಾರ, ಅದರಲ್ಲಿ −೧ರ ಸ್ಥಾನ, ೧ನ್ನು ಬೆಲೆಯಾಗಿ ಪಡೆಯುವ ದ್ವಿಚರ ರೂಪಗಳು, ಇಷ್ಟೇ.

ಹರ್ಮೀಷಿಯನ್ ರೂಪಗಳಲ್ಲಿ ಇಂಥ ನಷ್ಟವಿಲ್ಲ. ವರ್ಗವಿಸ್ತರಣದ ಮೇಲಣ ಅಂಥ ಎರಡು ರೂಪಗಳಿಂದ ಹುಟ್ಟುವ, ಇಮ್ಮಡಿ ಚರಗಳ ವರ್ಗರೂಪಗಳು ಮೊದಲ ಅರ್ಥದಲ್ಲಿ ಸಮಾನವಾದರೆ ಮೂಲರೂಪಗಳೂ ಸಮಾನವೆಂದು ಜೇಕಬ್ಸನ್ ೧೯೪೦ರಲ್ಲಿ ಸಾಧಿಸಿದರು. ತರಗತಿಯಲ್ಲಿ ಇದನ್ನು ಮೊದಲು ಹೇಳಿ, ಆಮೇಲೆ ವಿಟ್ಟನ ವಲಯಕ್ಕೆ ಬರುವುದು ಲೇಸೆಂದು ನಮ್ಮ ಮತ.