ಮುಳುಗುವ ಹುಡುಗಿಯ ಕಣ್ಣೀರು

ಮಗಳು ಗ್ರಂಥಾಲಯದಿಂದ ತಂದಿದ್ದ ಚಿತ್ರಕಲೆಯ ಪುಸ್ತಕವನ್ನು ಅನ್ನ ಬೇಯುವಷ್ಟರಲ್ಲಿ ತಿರುವಿಹಾಕುತ್ತಿದ್ದೆ. ಒಂದು ಪುಟದಲ್ಲಿ ಕೈ ನಿಂತಿತು. ನೀಲಿ ಕೂದಲಿನ ಹುಡುಗಿಯೊಬ್ಬಳು ಅಲೆಗಳ ನಡುವೆ ಮುಳುಗುತ್ತಿದ್ದಾಳೆ. ಕಣ್ತುಂಬ ನೀರು. ಪ್ರಿಯಕರನನ್ನು ಸಹಾಯಕ್ಕೆ ಕೂಗುವುದಕ್ಕಿಂತ ಸಾಯುವುದೇ ಮೇಲು ಎಂಬ ಹಟ. ‘ಅಯ್ಯೋ ಹುಡುಗಿ!’ ಎಂದುಕೊಂಡೆ. ಮರುಕ್ಷಣವೇ ನಗು ಬಂತು. ನಕ್ಕದ್ದಕ್ಕೆ ಕಸಿವಿಸಿಯೂ ಆಯಿತು.

ಅದು ಅಮೆರಿಕದ ಪಾಪ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ 1963ರಲ್ಲಿ ಬರೆದ ‘ಡ್ರೌನಿಂಗ್ ಗರ್ಲ್’. ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಚಿತ್ರದ ಮೂಲ ಮಾತ್ರ ಹುಡುಗಿಯರು ಓದುತ್ತಿದ್ದ ‘ಸೀಕ್ರೆಟ್ ಹಾರ್ಟ್ಸ್’ ಎಂಬ ಅಗ್ಗದ ಕಾಮಿಕ್ಸ್. ಅಲ್ಲಿ ಪ್ರಿಯಕರನೂ ಇದ್ದ, ಅವಳ ಸ್ನಾಯು ಸೆಳೆತದ ಮಾತೂ ಇತ್ತು. ಲಿಕ್ಟನ್‌ಸ್ಟೈನ್ ಎರಡನ್ನೂ ತೆಗೆದುಹಾಕಿ, ಅಳುವ ಮುಖವನ್ನಷ್ಟೇ ಐದೂವರೆ ಅಡಿಗೂ ಮಿಕ್ಕಿ ಹಿಗ್ಗಿಸಿದ. ಅಗ್ಗದ ಅಚ್ಚಿನ ಬಣ್ಣದ ಚುಕ್ಕಿಗಳನ್ನೂ ಬಿಡದೆ ಬರೆದ.

ಆ ಚುಕ್ಕಿಗಳಲ್ಲೇ ಗುಟ್ಟಿದೆ. ಪುಟ್ಟ ಪುಟದಲ್ಲಿ ನಮಗೆ ಕಾಣುವುದು ಕಣ್ಣೀರು. ಹಿಗ್ಗಿಸಿದಾಗ ಕಾಣುವುದು ಅಚ್ಚುಯಂತ್ರ. 1961ರ ‘ಗರ್ಲ್ ವಿತ್ ಬಾಲ್’ ಚಿತ್ರದಲ್ಲಿ ಚೆಂಡು ಎತ್ತಿ ಹಿಡಿದ ಸುಂದರಿಯೂ ಹೀಗೆಯೇ. ಅವಳು ವಿಹಾರಧಾಮವೊಂದರ ಪತ್ರಿಕಾ ಜಾಹೀರಾತಿನಿಂದ ಎದ್ದು ಬಂದವಳು. ಹೆಣ್ಣಿನ ನಗುವೂ ಅಳುವೂ ಸೋಪಿನ ಬಿಲ್ಲೆಗಳಂತೆ ಒಂದೇ ಅಚ್ಚಿನಲ್ಲಿ ತಯಾರಾಗಿ ಮಾರಾಟವಾಗುತ್ತಿವೆಯಲ್ಲ ಎಂದು ಈ ಚಿತ್ರಗಳು ಸದ್ದಿಲ್ಲದೆ ಕೇಳುತ್ತವೆ.

ಆದರೆ ನನ್ನದೂ ಒಂದು ತಕರಾರಿದೆ. ಮೂಲ ಚಿತ್ರ ಬರೆದವನು ಟೋನಿ ಅಬ್ರೂಝೊ. ಅವನ ಹೆಸರು ಎಷ್ಟು ಮಂದಿಗೆ ಗೊತ್ತು? ಲಿಕ್ಟನ್‌ಸ್ಟೈನನ ‘ನರ್ಸ್’ ಎಂಬ ಇಂಥದೇ ಇನ್ನೊಂದು ಚಿತ್ರ 2015ರ ಹರಾಜಿನಲ್ಲಿ 9.5 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಸಂತೆಯನ್ನು ಪ್ರಶ್ನಿಸಿದ ಚಿತ್ರವೇ ಸಂತೆಯ ಅತಿ ದುಬಾರಿ ಸರಕಾಯಿತು.

ಇನ್ನೊಂದು ಮಾತು. ಆ ಕಾಮಿಕ್ಸ್ ಓದಿ ಅತ್ತ ಹುಡುಗಿಯರನ್ನು ನೋಡಿ ನಗಲು ನನಗೆ ಮನಸ್ಸಿಲ್ಲ. ವಾರಪತ್ರಿಕೆಯ ಧಾರಾವಾಹಿ ಓದುತ್ತ ಕಣ್ಣೊರೆಸಿಕೊಂಡು, ಸಾರಿಗೆ ಎರಡು ಸಲ ಉಪ್ಪು ಹಾಕಿದವಳು ನಾನು. ಆ ಕಥೆ ಅಚ್ಚಿನದಾಗಿರಬಹುದು, ನನ್ನ ಅಳು ನನ್ನದೇ ಆಗಿತ್ತು. ಲಿಕ್ಟನ್‌ಸ್ಟೈನನ ತಣ್ಣನೆಯ ಕುಂಚ ಅಲ್ಲಿಯವರೆಗೆ ಬರಲಿಲ್ಲ ಎನಿಸುತ್ತದೆ.

ಆದರೂ ಅವನಿಂದ ಒಂದು ಲಾಭವಾಗಿದೆ. ಈಗ ಸೀರೆಯ ಜಾಹೀರಾತಿನ ಹೆಣ್ಣು ನನ್ನತ್ತ ನೋಡಿ ನಕ್ಕರೆ, ಸೀರೆ ಕೊಳ್ಳುವ ಮೊದಲು ಆ ನಗೆಯಲ್ಲಿ ಚುಕ್ಕಿಗಳನ್ನು ಹುಡುಕುತ್ತೇನೆ.