ಗೋತೋ ಮನೆತನ: ಉಳಿಯ ಮಾತು, ಸಹಿಯ ಮಾತು

ಜಪಾನಿನ ಹಳೆಯ ಕತ್ತಿಗಳನ್ನು ಕೂಡಿಡುವವರು ಅಲಗನ್ನು ಸಾದಾ ಮರದ ಒರೆಯಲ್ಲಿಡುತ್ತಾರೆ. ಅದರ ಅಲಂಕೃತ ಒರೆ-ಹಿಡಿಗಳಿಗೆ ಮರದ ಹುಸಿ ಅಲಗೊಂದನ್ನು ತೊಡಿಸಿ ಬೇರೆಯೇ ಕಾಪಿಡುತ್ತಾರೆ. ಹೀಗೆ ಬೇರೆಯಾಗಿ ನೋಡಲ್ಪಡುವ ತೊಡವುಗಳಲ್ಲಿ ಬಹುಕಾಲ ಅಗ್ರಪೂಜೆ ಸಂದದ್ದು ಗೋತೋ ಮನೆತನದ ಕೆಲಸಕ್ಕೆ. ಶೋಗನ್ ಅಶಿಕಾಗಾ ಯೋಶಿಮಾಸನ ಆಶ್ರಯದಲ್ಲಿದ್ದ ಗೋತೋ ಯೂಜೋನಿಂದ (1440–1512) ಹಿಡಿದು 17 ತಲೆಮಾರು ನಡೆದ ಕಸುಬು ಇದು. ಒರೆಯ ಬದಿಗೆ ಸಿಕ್ಕಿಸುವ ಕಿರುಚಾಕುವಿನ ಹಿಡಿ ‘ಕೊಜುಕಾ’, ಇನ್ನೊಂದು ಬದಿಯ ಕೂದಲುಕಡ್ಡಿ ‘ಕೋಗಾಯ್’, ಕತ್ತಿಯ ಹಿಡಿಗೆ ಸುತ್ತಿದ ಪಟ್ಟಿಯ ಕೆಳಗೆ ಕೂರುವ ಪುಟ್ಟ ಉಬ್ಬುಶಿಲ್ಪಗಳ ಜೋಡಿ ‘ಮೆನುಕಿ’ – ಈ ಮೂರೂ ಹೊಂದಿಕೊಂಡ ಜೊತೆಯೇ ಅವರ ಹೆಸರಿಗೆ ಆಧಾರ. ಆದರೆ ಈ ಮನೆತನವನ್ನು ಹೊಗಳಿದವರೂ ತೆಗಳಿದವರೂ ನೋಡಬೇಕಾದ ಕಡೆ ನೋಡಲಿಲ್ಲ ಎಂಬುದು ನನ್ನ ವಾದ.

ತೆಗಳಿಕೆ ಏನೆಂದರೆ, ನಾನೂರು ವರ್ಷ ಅದೇ ಡ್ರ್ಯಾಗನ್, ಅದೇ ಸಿಂಹ. ಇದಕ್ಕೆ ಎದುರಾಗಿ ಎಲ್ಲರೂ ನಿಲ್ಲಿಸುವುದು ಯೋಕೋಯಾ ಸೋಮಿನ್‌ನನ್ನು (1670–1733). ಆತ ಆಸ್ಥಾನದ ಕಟ್ಟಿನಿಂದ ಹೊರಬಂದು ಪೇಟೆಯ ಗಿರಾಕಿಗಳಿಗೆ ಕೆತ್ತಿದ. ಉಳಿಯನ್ನು ವಾಲಿಸಿ ಹಿಡಿದು, ಕುಂಚದ ಗೆರೆಯಂತೆ ದಪ್ಪವಾಗಿ ತೊಡಗಿ ತೆಳುವಾಗಿ ಮುಗಿಯುವ ಗೀರನ್ನು ಲೋಹದಲ್ಲಿ ಮೂಡಿಸಿದ. ಅಂದಿನಿಂದ ಗೋತೋಗಳದ್ದು ‘ಮನೆಗೆತ್ತನೆ’, ಉಳಿದವರದ್ದು ‘ಪೇಟೆಗೆತ್ತನೆ’. ಸೋಮಿನ್ ದೊಡ್ಡ ಕಲಾವಿದ, ಅನುಮಾನವಿಲ್ಲ. ಆದರೆ ಶೋಗನ್‌ನ ಎದೋ ಕೋಟೆಗೆ ಹೋಗುವ ಸಮುರಾಯಿಯ ಸಮಾರಂಭದ ಕತ್ತಿಗೆ ಕಪ್ಪು ಅರಗಿನ ಒರೆ ಇರಬೇಕಿತ್ತು, ಅದಕ್ಕೆ ಗೋತೋ ತೊಡವೇ ತಕ್ಕದ್ದು ಎಂಬ ಕಟ್ಟುಪಾಡಿತ್ತು. ಸಮವಸ್ತ್ರದಲ್ಲಿ ಹೊಸತನ ಹುಡುಕಿ ಸಿಗಲಿಲ್ಲವೆಂದು ದರ್ಜಿಯನ್ನು ದೂರುವುದು ನ್ಯಾಯವಲ್ಲ. ಗೋತೋಗಳ ಕಲ್ಪನೆ ಖರ್ಚಾದದ್ದು ಡ್ರ್ಯಾಗನ್ನಿನ ಮೇಲಲ್ಲ, ಅದರ ಹಿಂದಿನ ನೆಲದ ಮೇಲೆ. ತಾಮ್ರಕ್ಕೆ ನೂರಕ್ಕೆ ಮೂರೋ ನಾಲ್ಕೋ ಪಾಲು ಚಿನ್ನ ಬೆರೆಸಿದ ‘ಶಾಕುದೋ’ ಲೋಹ ಎರಕದಲ್ಲಿ ಬರಿಯ ತಾಮ್ರದಂತೆಯೇ ಕಾಣುತ್ತದೆ. ತಾಮ್ರದ ಲವಣಗಳ ದ್ರಾವಣದಲ್ಲಿ ಕುದಿಸಿದರೆ ನೇರಳೆ ಹಣ್ಣಿನ ಸಿಪ್ಪೆಯ ನೀಲಿಗಪ್ಪು ಬರುತ್ತದೆ. ಆ ನೆಲದ ಮೇಲೆ ತುದಿ ಬಟ್ಟಲಾದ ಉಳಿಯಿಂದ ಒಂದೊಂದೇ ಪೆಟ್ಟು ಹಾಕಿ, ಮೀನಿನ ಮೊಟ್ಟೆಗಳಂಥ ಗುಂಡು ರವೆಗಳನ್ನು ಸಾಲು ತಪ್ಪದೆ ಎಬ್ಬಿಸಬೇಕು. ಇದಕ್ಕೆ ‘ನನಾಕೊ’ ಎನ್ನುತ್ತಾರೆ. ಒಂದು ಪೆಟ್ಟು ವಾಲಿದರೂ ಬೆಳಕು ಅಲ್ಲಿ ಎಡವುತ್ತದೆ. (ಆ ಕಪ್ಪು ತೆಳ್ಳನೆಯ ಚರ್ಮವಷ್ಟೆ. ದೇವರ ಮನೆಯ ದೀಪದಂತೆ ಉಜ್ಜಿ ಬೆಳಗಿಸಿದ ಪುಣ್ಯಾತ್ಮರು ಎಷ್ಟು ತೊಡವುಗಳನ್ನು ಕೊಂದಿದ್ದಾರೋ!)

ಇನ್ನು ಹೊಗಳಿಕೆ. ಅದು ನಿಂತಿರುವುದು ಸಹಿಯ ಮೇಲೆ, ತೊಂದರೆಯೂ ಅಲ್ಲೇ. ಐದನೆಯ ತಲೆಮಾರಿನ ತೊಕುಜೋ 1588ರಲ್ಲಿ, ಅಂದು ಜಪಾನನ್ನು ಆಳುತ್ತಿದ್ದ ತೊಯೋತೋಮಿ ಹಿದೆಯೋಶಿಗಾಗಿ ‘ಓಬಾನ್’ ಎಂಬ ದೊಡ್ಡ ಚಿನ್ನದ ನಾಣ್ಯ ಮಾಡಿದ. ಅದರ ಮೇಲೆ ಬೆಲೆಯನ್ನೂ ಗೋತೋ ಸಹಿಯನ್ನೂ ಶಾಯಿಯಲ್ಲಿ ಬರೆಯಲಾಗುತ್ತಿತ್ತು. ಚಿನ್ನಕ್ಕೆ ಹೊಣೆ ನಿಂತ ಅದೇ ಮನೆತನ ಕಲೆಗೂ ನಿಂತಿತು. ಆರಂಭದ ಒಡೆಯರು ತಮ್ಮ ಕೆಲಸಕ್ಕೆ ಹೆಸರು ಹಾಕುತ್ತಿರಲಿಲ್ಲ. ನಂತರದವರು ‘ಇದು ಯೂಜೋನದು’ ಎಂದು ಅವುಗಳ ಮೇಲೆ ಕೆತ್ತಿದರು, ‘ಒರಿಗಾಮಿ’ ಎಂಬ ಮಡಿಚಿದ ಪ್ರಮಾಣಪತ್ರ ಕೊಟ್ಟರು, ಅದರಲ್ಲಿ ಬೆಲೆಯನ್ನೂ ಕಾಣಿಸಿದರು. ಮಾಡಿದವನೂ ಗುರುತು ಹೇಳುವವನೂ ಬೆಲೆ ಕಟ್ಟುವವನೂ ಒಂದೇ ಮನೆಯವನು: ತನ್ನ ಚಿನ್ನಕ್ಕೆ ತಾನೇ ಒರೆಗಲ್ಲು. ತಾತನ ಉಳಿಯ ಗುರುತು ಮೊಮ್ಮಗನಿಗಲ್ಲದೆ ಯಾರಿಗೆ ತಿಳಿದೀತು ಎಂದು ಕೇಳಬಹುದು. ಪ್ರಶ್ನೆಯಲ್ಲಿ ಹುರುಳಿದೆ; ಕಸುಬಿನ ಕೈನೆನಪು ಸಣ್ಣ ಸಾಕ್ಷಿಯಲ್ಲ. ಆದರೆ ಯೂಜೋನ ಶೈಲಿ ಯಾವುದೆಂದು ಕೇಳಿದರೆ ಮನೆತನ ಗುರುತಿಸಿದ ಕೃತಿಗಳನ್ನು ತೋರಿಸುತ್ತಾರೆ. ಅವು ಯೂಜೋನದೆಂದು ಹೇಗೆ ಗೊತ್ತೆಂದರೆ ಶೈಲಿಯನ್ನು ತೋರಿಸುತ್ತಾರೆ. ಈ ಸುತ್ತಿನೊಳಗೆ ಪುರಾವೆಗೆ ಜಾಗವಿಲ್ಲ. ದೊರೆಗಳ ನಡುವೆ ಉಡುಗೊರೆಯಾಗಿ ಓಡಾಡುವ ವಸ್ತುವಿಗೆ ಇಂಥ ಪತ್ರ ಬೇಕಿತ್ತು. ಅದನ್ನೇ ಇಂದಿನ ಸಂಗ್ರಹಕಾರ ವಿಮರ್ಶೆಯೆಂದು ಓದಿದರೆ ತಪ್ಪು ಅವನದು.

ಮನೆತನದ ಶಾಖೆಯೊಂದರಲ್ಲಿ ಬೆಳೆದ ಗೋತೋ ಇಚಿಜೋ ಇದಕ್ಕೆಲ್ಲ ಒಳಗಿನಿಂದಲೇ ಬಂದ ಉತ್ತರ. ಮನೆತನ ದೂರವಿಟ್ಟಿದ್ದ ಕಬ್ಬಿಣವನ್ನು ಅವನು ಕೈಗೆತ್ತಿಕೊಂಡ, ಕೆತ್ತನೆಗೆ ಹೊಸ ವಸ್ತುಗಳನ್ನು ತಂದ. ರವೆಯ ಸಾಲನ್ನು ಮಾತ್ರ ಬಿಡಲಿಲ್ಲ. ಯೂಜೋನದೆಂದು ಪತ್ರ ಹೊತ್ತ ತೊಡವಿಗಿಂತ ಇಚಿಜೋನ ಒಂದು ಕೊಜುಕಾ ನನಗೆ ಹೆಚ್ಚು ನಂಬಿಕೆಯ ಗೋತೋ. 1876ರ ಮಾರ್ಚ್ 28ರಂದು ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಇಚಿಜೋ ತೀರಿಕೊಂಡದ್ದೂ ಅದೇ ವರ್ಷ.