ಅಂಕ ಸಿಗದ ಹೊಗೆ

ಹಳ್ಳಿಯ ಆರೋಗ್ಯದ ಲೆಕ್ಕ ವಹಿಯಿಂದ ಮೊಬೈಲಿಗೆ ಏರಿದ್ದನ್ನೇ ಸಾಧನೆಯೆಂದು ಕೊಂಡಾಡುವ ಬರಹಗಳಿಗೆ ಕೊರತೆಯಿಲ್ಲವಾದರೂ, ಆ ಮೊಬೈಲು ಕೇಳುವ ಪ್ರಶ್ನೆಗಳನ್ನು ಓದಿ ನೋಡುವ ಗೋಜಿಗೆ ಹೋದವರು ಕಡಿಮೆ. ಮೂವತ್ತು ದಾಟಿದವರಲ್ಲಿ ಅಸಾಂಕ್ರಾಮಿಕ ರೋಗಗಳನ್ನು, ಎಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂಥ ಒಬ್ಬರಿಂದೊಬ್ಬರಿಗೆ ಹರಡದ ರೋಗಗಳನ್ನು, ಮೊದಲೇ ಗುರುತಿಸಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ 'ಸಿಬ್ಯಾಕ್' ಪ್ರಶ್ನಾವಳಿ ಇದಕ್ಕೆ ತಕ್ಕ ಉದಾಹರಣೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದ ಕಾಯಿಲೆ ಇವುಗಳಿಗೆ ಅಂಕ ಕೊಟ್ಟು, ಮೊತ್ತ 4 ಮೀರಿದವರನ್ನು ತಪಾಸಣೆಗೆ ಮೊದಲು ಕರೆಯಬೇಕೆಂಬುದು ಅದರ ಕ್ರಮ.

ಚಟುವಟಿಕೆಯ ಪ್ರಶ್ನೆಯನ್ನೇ ನೋಡಬಹುದು. ವಾರಕ್ಕೆ 150 ನಿಮಿಷ ಮೈಗೆ ಕೆಲಸವಿದೆಯೇ, ಇಲ್ಲದಿದ್ದರೆ ಒಂದು ಅಂಕ. ನಡುಬಗ್ಗಿಸಿ ನಾಟಿ ಮಾಡಿ, ಸಂಜೆ ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸು ಅದನ್ನು ವ್ಯಾಯಾಮದ ಪ್ರಶ್ನೆಯೆಂದು ತಿಳಿದು 'ಇಲ್ಲಮ್ಮ' ಎಂದರೆ ಅಂಕ ಬೀಳುತ್ತದೆ. ಅವಳ ದಿನಚರಿ ಬಲ್ಲ ಆಶಾ ತಾನೇ 'ಹೌದು' ಒತ್ತಿದರೆ ಬೀಳುವುದಿಲ್ಲ. ಹೀಗೆ ದಾಖಲಾಗುವುದು ಯಾರ ಉತ್ತರವೆಂಬುದು ಪರದೆಗೆ ತಿಳಿಯದು. ಇನ್ನೂ ವಿಚಿತ್ರವೆಂದರೆ, ಹೆಂಗಸಿನ ಸೊಂಟ 80 ಸೆಂ.ಮೀ. ದಾಟಿದೊಡನೆ ಅಂಕ ಬರುತ್ತದೆ, ಆದರೆ ಸೌದೆ, ಬೆರಣಿ ಉರಿಸುವ ಒಲೆಯ ಹೊಗೆ ಬೇರೊಂದು ಭಾಗದಲ್ಲಿ ಬರಿಯ ಗುರುತಾಗಿ ಉಳಿಯುತ್ತದೆ, ಮೊತ್ತಕ್ಕೆ ಸೇರುವುದಿಲ್ಲ. ಅಂಕ ಎಷ್ಟೇ ಇರಲಿ ಮೂವತ್ತು ದಾಟಿದವರೆಲ್ಲರಿಗೂ ತಪಾಸಣೆ ಆಗಬೇಕೆಂಬ ನಿಯಮವಿದೆ ಎಂಬ ಸಮರ್ಥನೆ ಸುಳ್ಳಲ್ಲ; ಆದರೆ ಸರದಿಯನ್ನು ನಿರ್ಧರಿಸುವುದು ಆ ಮೊತ್ತವೇ.

ಖಾಸಗಿತನದ ವಿಮರ್ಶಕರು ಉತ್ತರ ದಾಖಲಾಗುವ ಈ ಹಂತವನ್ನು ಹಾರಿ ಮುಂದೆ ಹೋಗುತ್ತಾರೆ. 2021ರಲ್ಲಿ ಚಾಲನೆಗೊಂಡ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಗಳ ಆಭಾ ಎಂಬ ಆರೋಗ್ಯ ಖಾತೆಯ ಸಂಖ್ಯೆಗೆ ಜೋಡಿಸಿದ ಮಾಹಿತಿ ಯಾರ ಕೈ ಸೇರೀತೆಂಬ ಅವರ ಆತಂಕ ನ್ಯಾಯವಾದದ್ದೇ. ಆದರೂ ಕದಿಯಬಹುದಾದ ಆ ಮಾಹಿತಿ ನಿಜವೇ ಆಗಿರುತ್ತದೆ ಎಂಬ ನಂಬಿಕೆಯಲ್ಲಿ ಅವರೂ ಆ್ಯಪಿನ ಹೊಗಳುಭಟರೂ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಕಾರ್ಯಕರ್ತೆಯರಿಗೆ ತರಬೇತಿ ಸಾಲದೆಂದು ದೂರುವವರದಂತೂ ತೀರ ಸುಲಭದ ವಿಮರ್ಶೆ. ಎಂಟ್ರಿಯನ್ನೇ ಕೂಲಿಯ ಅಳತೆಗೋಲು ಮಾಡಿದಲ್ಲಿ ಪ್ರಶ್ನಾವಳಿಯ ಖಾಲಿ ಜಾಗಗಳು ತುಂಬುವುದು ಅಜ್ಞಾನದಿಂದಲ್ಲ. ತಾಯಿ-ಮಗುವಿನ ಆರೋಗ್ಯ ಸೇವೆಗಳನ್ನು ದಾಖಲಿಸುವ ಆರ್‌ಸಿಎಚ್ ಪೋರ್ಟಲ್ಲಿಗೂ ತಮ್ಮ ಪ್ರೋತ್ಸಾಹಧನಕ್ಕೂ ಹಾಕಿರುವ ಗಂಟನ್ನು ಬಿಚ್ಚಬೇಕೆಂಬುದು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತ ಆಶಾಗಳ ಬೇಡಿಕೆಗಳಲ್ಲೊಂದಾಗಿತ್ತು.